ಆಷಾಢದ ಐದು ದಿನ

ಅಲ್ಲಪ್ಪನ ತಲೆ ಮತ್ತೆ ಎಡಕ್ಕೆ ವಾಲಿತು. ಮೈ ತೊಳೆದು, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣ. ತಮ್ಮ ರಾಯಪ್ಪ ಹಣೆಗೆ ಬಿಳಿ ಬಟ್ಟೆ ಸುತ್ತಿ ಹಿಂದಿನ ಗೂಟಕ್ಕೆ ಬಿಗಿದ. ಬದುಕಿದ್ದಾಗ ಒಂದು ಕಡೆ ಕೂತ ಮನುಷ್ಯನಲ್ಲ, ಇವತ್ತಾದರೂ ನೆಟ್ಟಗೆ ಕೂಡಬಾರದೇ ಎಂದು ಯಲ್ಲವ್ವ ಗಂಡನನ್ನು ಬೈದಳು, ಬೈಯುತ್ತಲೇ ಅತ್ತಳು. ಭಜನೆಯವರು ತಾಳ ಹಿಡಿದು ಎದುರಿಗೆ ಕೂತರು.

ಬೆಲ್ಲದ ಬಾಗೇವಾಡಿಯಲ್ಲಿ ಅವನು ಗಾಳಿ ಅಲ್ಲಪ್ಪ. ಮೂವತ್ತು ವರ್ಷದ ಹಿಂದೆ, ಗಾಳಿಯಿಂದ ಕರೆಂಟು ತೆಗೆಯಲಾದೀತೇ ಎಂದು ನೋಡಲು ಸರಕಾರ ಊರ ಗುಡ್ಡದ ಮೇಲೆ ಗಾಳಿ ಅಳೆಯುವ ಕಂಬ ನೆಟ್ಟಿತ್ತು. ದಿನಕ್ಕೆ ನಾಲ್ಕು ಸಲ ಗುಡ್ಡ ಹತ್ತಿ, ಮೀಟರ್ ನೋಡಿ ಬರೆಯುವ ಕೆಲಸ ಅವನದು. ಎರಡು ವರ್ಷ ಅಳೆದು ಕಂಬ ಕಿತ್ತರು. ಗಾಳಿಯಂತ್ರಗಳು ಬೇರೆ ಯಾವುದೋ ಗುಡ್ಡಕ್ಕೆ ಹೋದವು. ಅಂದಿನಿಂದ ಊರಲ್ಲಿ ಕರೆಂಟು ಹೋದಾಗಲೆಲ್ಲ ಅಲ್ಲಪ್ಪ ಕಟ್ಟೆಯ ಮೇಲಿನ ಹರಟೆ ಬಿಟ್ಟು ಎದ್ದು ಮನೆಗೆ ಬಂದುಬಿಡುತ್ತಿದ್ದ. ಏಕೆಂದು ಯಲ್ಲವ್ವನೊಬ್ಬಳಿಗೇ ಗೊತ್ತಿತ್ತು.

*

ಕಂಬವಿದ್ದ ಕಾಲದ ಒಂದು ಆಷಾಢದಲ್ಲಿ ಅವಳ ಹೆರಿಗೆ ಕಷ್ಟವಾಗಿ ಹುಕ್ಕೇರಿಯ ದವಾಖಾನೆಗೆ ಸೇರಿಸಿದ್ದರು. ಐದು ದಿನ ಅಲ್ಲಪ್ಪ ಅವಳ ಮಂಚ ಬಿಟ್ಟು ಕದಲಲಿಲ್ಲ. ಮಗು ಉಳಿಯಲಿಲ್ಲ. ಊರಿಗೆ ಬಂದವನು ಆ ಐದು ದಿನದ ಖಾಲಿ ಉಳಿದಿದ್ದ ಮೀಟರಿನ ಹಾಳೆಗಳನ್ನು ಅಂದಾಜಿನ ಮೇಲೆ ತುಂಬಿದ. ಹೆಚ್ಚು ಬರೆದರೆ ಮೋಸವಾದೀತೆಂದು ಹೆದರಿ ಕಡಿಮೆ ಕಡಿಮೆಯೇ ಬರೆದ. ಸುಳ್ಳು ಬರೆಯುವಾಗಲೂ ಪ್ರಾಮಾಣಿಕನಾಗಿರಲು ಹೋದರೆ ಹೀಗೇ ಆಗುತ್ತದೆ. ತಾನು ಕಡಿಮೆ ಬರೆದದ್ದಕ್ಕೇ ಯಂತ್ರ ಬರಲಿಲ್ಲವೆಂದು ಕಂಬ ಕಿತ್ತ ದಿನ ಅವನು ಊಟ ಮಾಡಲಿಲ್ಲ.

"ಊರಿಗೆ ಬರೂ ಬೆಳಕ ನಾನ ತಡದ್ನಿ," ಎಂದ.

*

ಮಧ್ಯಾಹ್ನ ಗೋಕಾಕದಿಂದ ಸೋಮಶೇಖರ ಬಂದರು. ಅಂದು ಕಂಬ ನೆಡಿಸಿದ ಎಂಜಿನಿಯರ್, ಈಗ ನಿವೃತ್ತರು. ಹಾರ ಹಾಕಿ ಹೊರಟವರನ್ನು ಯಲ್ಲವ್ವ ತಡೆದು, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಹೇಳಿದಳು. ಗಂಡನನ್ನು ಕುಣಿಗೆ ಇಳಿಸುವ ಮೊದಲು ಅವಳಿಗೆ ಒಂದು ಉತ್ತರ ಬೇಕಿತ್ತು.

"ಖರೆ ಹೇಳ್ರಿ ಸಾಹೇಬ್ರ. ಅವರಿಂದನ ಕೆಲಸ ಕೆಟ್ಟಿತೇನ್ರಿ?"

ಸೋಮಶೇಖರ ನೆಲ ನೋಡಿದರು. "ಇಲ್ಲವ್ವಾ. ಆಷಾಢದಾಗ ಆ ಗುಡ್ಡದ ಮ್ಯಾಲ ಅಷ್ಟ ಸಣ್ಣ ಗಾಳಿ ಬೀಸೂದ ಇಲ್ಲ. ನೋಡಿದ ಕೂಡಲೆ ಗೊತ್ತಾತು. ಆ ಐದ ದಿನ ಲೆಕ್ಕದಿಂದ ನಾನ ತಗದ ಹಾಕಿದ್ನಿ. ಉಳದ ತಿಂಗಳದಾಗ ಗಾಳಿ ಸಾಲಲಿಲ್ಲ, ಅಷ್ಟ."

"ಅವರಿಗೆ ಹೇಳಿದ್ರೇನ್ರಿ?"

ಹೇಳಿರಲಿಲ್ಲ. ಮಗು ಕಳೆದುಕೊಂಡವನ ಮಾನವನ್ನೂ ಏಕೆ ಕಳೆಯಬೇಕೆಂದು ಸುಮ್ಮನಿದ್ದರಂತೆ. ಅದೇ ಒಳ್ಳೆಯದೆಂದು ತಿಳಿದಿದ್ದರಂತೆ.

ಯಲ್ಲವ್ವನಿಗೆ ಎದೆ ಹಗುರಾಯಿತು, ಅದರ ಹಿಂದೆಯೇ ಸಿಟ್ಟು ಬಂತು. ಒಂದು ಮಾತಿಗೆ ಮುಗಿಯುವ ಸಂಕಟವನ್ನು ಆ ಮನುಷ್ಯ ಮೂವತ್ತು ವರ್ಷ ಹೊತ್ತಿದ್ದ. ಹೊರಗೆ, ಕೂರಿಸಿಕೊಂಡು ಒಯ್ಯುವ ವಿಮಾನ ಕಟ್ಟಿ ಮುಗಿದಿತ್ತು. ಎತ್ತಲು ಬಂದ ರಾಯಪ್ಪನಿಗೆ ಅವಳು ಕೈ ಅಡ್ಡ ಹಿಡಿದಳು.

"ನನಗ ಹೇಳಿದ್ದ ಸಾಕ್ರಿ," ಎಂದಳು ಸೋಮಶೇಖರರಿಗೆ. "ಈಗ ಅವರಿಗೆ ಹೇಳ್ರಿ."

ತಾಳ ನಿಂತಿತು. ಎಪ್ಪತ್ತು ದಾಟಿದ ಸೋಮಶೇಖರ ಗೋಡೆ ಹಿಡಿದು ನಿಧಾನವಾಗಿ ಅಲ್ಲಪ್ಪನ ಮಗ್ಗುಲಿಗೆ ಕೂತರು. ಕಿವಿ ಮುಚ್ಚಿದ್ದ ಚೆಂಡುಹೂವಿನ ಹಾರವನ್ನು ಎರಡು ಬೆರಳಿನಿಂದ ಸರಿಸಿ, ಬಾಗಿದರು.