ಅತ್ತೆಯ ತಲೆಯ ಹಿಂದಿನ ಗೋಡೆ

ದುಂಡಗಿದೆ, ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದು, ಅಂಚಿನಲ್ಲಿ ಹಳದಿ, ನಡುವೆ ಕಂದು, ಕಿಟಕಿಯ ಬಿಸಿಲು ಓರೆಯಾಗಿ ಬಿದ್ದರೆ ನಡುಭಾಗ ಹೊಳೆಯುತ್ತದೆ ಬೇರೆ, ನಿನ್ನೆ ಇಷ್ಟು ದೊಡ್ಡದಿರಲಿಲ್ಲ ಅಂದುಕೊಂಡಳು ಅವಳು, ನಿನ್ನೆಯೂ ಹೀಗೇ ಅಂದುಕೊಂಡಿದ್ದಳು, ಅತ್ತೆ ಬಚ್ಚಲಿಗೆ ಹೋಗಿದ್ದಾರೆ, ಕುರ್ಚಿ ಖಾಲಿ, ಆದರೆ ಹಿಂದಿನ ಗೋಡೆಯಲ್ಲಿ ಅತ್ತೆಯ ತಲೆ ಮಾತ್ರ ಎದ್ದುಹೋಗದೆ ಕೂತಿದೆ — ಹತ್ತೊಂಬತ್ತು ವರ್ಷದ ತಲೆಯೆಣ್ಣೆ, ಅದೇ ಕುರ್ಚಿ, ಅದೇ ಗೋಡೆ, ಗಂಡ ಮೂರು ಸಲ ಬಣ್ಣ ಬಳಿದ, ಮೂರು ಸಲವೂ ಬೇರೆ ಬೇರೆ ಬಿಳಿ ತಂದ, ಎಲ್ಲಾ ಬಿಳೀನೂ ಒಂದೇ ಸಾರ್ ಅಂದನಂತೆ ಅಂಗಡಿಯವನು, ಬಸ್ಸು ಓಡಿಸುವವನಿಗೆ ಹಾಗೆ ಹೇಳಿದರೆ ನಂಬುತ್ತಾನೆ, ಹನ್ನೊಂದು ವರ್ಷದಿಂದ ಕನ್ನಡಕದಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವ ತನಗೆ ಹೇಳಲಿ ನೋಡೋಣ, ಈಗ ಬಿಳಿ ಗೋಡೆಯಲ್ಲಿ ಇನ್ನೊಂದು ಬಿಳಿಯ ಚೌಕ, ಅದರ ನಡುವೆ ಎರಡೇ ದಿನದಲ್ಲಿ ಎದ್ದು ಬಂದ ಎಣ್ಣೆ, ಕಲೆಗೆ ದುಡ್ಡು ಕೊಟ್ಟು ಚೌಕಟ್ಟು ಹಾಕಿಸಿದ ಹಾಗೆ. ಕ್ಯಾಲೆಂಡರು ತೂಗುಹಾಕಿಯೂ ನೋಡಿದಳು, ಸೊಂಟದ ಎತ್ತರಕ್ಕೆ ಯಾರು ಕ್ಯಾಲೆಂಡರು ಹಾಕುತ್ತಾರೆ, ಕೊಳ್ಳಲೆಂದು ಮನೆ ನೋಡಲು ಬಂದ ಮೂರನೆಯವರ ಹೆಂಡತಿ ಬೇರೆ ಏನನ್ನೂ ನೋಡದೆ ನೇರ ಹೋಗಿ ಅದನ್ನೇ ಎತ್ತಿ ನೋಡಿದಳು, ಎತ್ತಿ ಗಂಡನನ್ನು ಕರೆದಳು, ಇಬ್ಬರೂ ಬಗ್ಗಿ ನೋಡಿದರು, ಗೋಡೆ ಸೋರುತ್ತಾ ಅಂತ ಕೇಳಿದರು, ಇಲ್ಲ ಅದು ನಮ್ಮತ್ತೆ ಅಂದುಬಿಟ್ಟಳು ಇವಳು. ಕೊನೆಗೆ ಉಪಾಯ ಹೇಳಿದವನು ದಲ್ಲಾಳಿಯೇ, ಮಲ್ಲಿಗೆ ಸೆಂಟಿನ ಆ ಸಣಕಲ, ತಲೆಯ ಗುರುತು ಮುಚ್ಚೋಕೆ ತಲೆಗಿಂತ ಒಳ್ಳೇದು ಏನಿದೆಯಮ್ಮಾ, ಅಜ್ಜೀನೇ ಅಲ್ಲಿ ಕೂರಿಸಿ, ಅಲ್ಲಾಡದ ಹಾಗೆ ನೋಡ್ಕೊಳ್ಳಿ. ಅವನ ನಿಯಮಗಳು ಒಂದೆರಡಲ್ಲ, ಬಾಗಿಲಲ್ಲಿ ಚಪ್ಪಲಿ ಇರಬಾರದು, ಬಚ್ಚಲಲ್ಲಿ ಸವೆದ ಸೋಪು ಇರಬಾರದು, ಒಗ್ಗರಣೆ ವಾಸನೆ ಬರಬಾರದು, ಇಲ್ಲಿ ಯಾರೂ ವಾಸವೇ ಮಾಡ್ತಿಲ್ಲ ಅನ್ನಿಸಬೇಕಮ್ಮಾ, ಹಾಗಾದ್ರೆ ನಾವೆಲ್ಲಿರೋಣಪ್ಪಾ ಅಂತ ಅತ್ತೆ ಕೇಳಿದ್ದಕ್ಕೆ ಅವನು ತೆಗೆದದ್ದು ಇನ್ನೊಂದು ನಿಯಮ, ಹಾಲ್ ದೊಡ್ಡದು ಕಾಣಬೇಕು, ಕುರ್ಚಿಗಳನ್ನೆಲ್ಲ ಪಕ್ಕದ ಮನೆಗೆ ಸಾಗಿಸಿ, ಒಂದೇ ಒಂದು ಇರಲಿ. ಆ ಒಂದು ಇದು. ಮುಸುರೆ ಪಾತ್ರೆ ಬಟ್ಟೆ ಒಗೆಯುವ ಮಿಷನ್ನಿನೊಳಗೆ, ಗಂಡನ ಸಮವಸ್ತ್ರ ಹಾಸಿಗೆಯ ಕೆಳಗೆ, ಕಸದ ಡಬ್ಬಿ ಎಲ್ಲಿಟ್ಟೆ, ಎಲ್ಲಿಟ್ಟೆ ಅಂತ ಬೆಳಗಿನಿಂದ ಯೋಚನೆ, ಹೋದ ವಾರ ಬಚ್ಚಿಟ್ಟ ಹಾಲಿನ ಪಾತ್ರೆ ವಾಸನೆ ಹೊಡೆದ ಮೇಲೇ ಸಿಕ್ಕಿದ್ದು.

ಹತ್ತೂವರೆ ಆಯಿತು, ಹನ್ನೊಂದಕ್ಕೆ ಬರುತ್ತಾರೆ, ಬಚ್ಚಲಿನಿಂದ ಅತ್ತೆಯ ದನಿ, ಹೊಸ ಸೋಪು ಮುಟ್ಟಬಹುದೋ ಅಥವಾ ಅದು ಬರೀ ನೆಂಟರಿಗೋ, ಮುಟ್ಟಬೇಡಿ ಅತ್ತೆ, ಹಾಗಾದ್ರೆ ಕೈ ಯಾವುದರಲ್ಲಿ ತೊಳೀಲಿ, ನೀರಲ್ಲಿ ತೊಳೀರಿ. ಇದು ಏಳನೆಯ ತಂಡ, ಆರು ಜನ ಬಂದು ಹೋದರು, ಆರೂ ಜನರನ್ನು ಓಡಿಸಿದ್ದು ಕಲೆಯಲ್ಲ, ಅತ್ತೆಯ ಬಾಯಿ, ಎಷ್ಟು ಚೆನ್ನಾಗಿ ಗಾಳಿ ಬರುತ್ತೆ ಅಂದವನಿಗೆ, ಅಯ್ಯೋ ಅದು ಗಾಳಿ ಅಲ್ಲಪ್ಪಾ ಕಿಟಕಿ ಮುಚ್ಚಿಕೊಳ್ಳಲ್ಲ, ಏನು ನಿಶ್ಶಬ್ದ ಅಂದವಳಿಗೆ, ಮೇಲಿನ ಮನೆಯೋನು ಡ್ಯೂಟಿಗೆ ಹೋಗಿದಾನಮ್ಮಾ, ಸಾಯಂಕಾಲ ಬಾ, ಕುಣೀತಾನೆ, ಮತ್ತೆ ಆರಕ್ಕಾರೂ ಜನಕ್ಕೆ ತಪ್ಪದೆ, ಐವತ್ತನಾಲ್ಕು ಮೆಟ್ಟಿಲು ಹತ್ತಿ ಬಂದ್ರಾ, ಮೊಣಕಾಲು ಹೆಂಗಿದೆ, ನಾನು ಇಳಿದು ಹದಿನಾಲ್ಕು ತಿಂಗಳಾಯ್ತು ನೋಡಿ. ಸುಳ್ಳಲ್ಲ, ಹದಿನಾಲ್ಕು ತಿಂಗಳು, ನಡುವೆ ಒಂದೇ ಒಂದು ಸಲ ಆಸ್ಪತ್ರೆಗೆಂದು ಗಂಡ ಮತ್ತು ಮೇಲಿನ ಮನೆಯ ಕುಣಿಯುವವನು ಇದೇ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದ್ದರು, ಎರಡನೇ ಮಹಡಿಯ ತಿರುವಿನಲ್ಲಿ ಕುರ್ಚಿ ವಾಲಿತು, ಅತ್ತೆ ಗಟ್ಟಿಯಾಗಿ ಅಂದರು, ಹೊತ್ಕೊಂಡು ಹೋಗೋದನ್ನ ನಾನು ಬದುಕಿರುವಾಗಲೇ ಕಲೀತಿದೀರಾ, ಒಳ್ಳೇದು, ಆವತ್ತು ಬೀಳಿಸಬೇಡಿ. ಎಲ್ಲರೂ ನಕ್ಕರು, ಅತ್ತೆ ನಗಲಿಲ್ಲ, ಮೇಲೆ ಬಂದ ಮೇಲೆ ಕಿಟಕಿಯ ಸರಳು ಹಿಡಿದು ಬೀದಿ ನೋಡುತ್ತ ಕೂತವರು ಎರಡು ದಿನ ಯಾರನ್ನೂ ಬೈಯಲಿಲ್ಲ, ಆಗಲೇ ಅವಳಿಗೆ ಹೆದರಿಕೆ ಹುಟ್ಟಿದ್ದು, ಮನೆ ಮಾರೋಣ ಅಂತ ಗಂಡನಿಗೆ ಹೇಳಿದ್ದು. ಎದುರು ಸಾಲಿನಲ್ಲಿ ಬೀಗ ರಿಪೇರಿಯವನ ಮನೆ, ನೆಲಮಹಡಿ, ಹೊಸ್ತಿಲಿಂದ ಬೀದಿಗೆ ಒಂದೇ ಹೆಜ್ಜೆ, ಕಿಟಕಿಯಿಂದ ಆ ಹೊಸ್ತಿಲು ಕಾಣುತ್ತದೆ, ಇದನ್ನು ಮಾರಿದರೆ ಅದನ್ನೇ ಕೊಳ್ಳುವುದು, ಶನಿವಾರದವರೆಗೆ ಕಾಯ್ತೀನಮ್ಮಾ ಆಮೇಲೆ ಬೇರೆಯವರಿಗೆ ಕೊಡ್ತೀನಿ ಅಂದಿದ್ದಾನೆ, ಇವತ್ತು ಗುರುವಾರ. ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದಳು, ನಿನ್ನೆ, ಮೊನ್ನೆ, ಹೋದ ವಾರ, ಗೊತ್ತು ಕಣೇ ನನಗೇನು ಆಸೆ ಇಲ್ವಾ ಅಂತಾರೆ, ಮನೆ ನೋಡಲು ಯಾರಾದರೂ ಒಳಗೆ ಕಾಲಿಟ್ಟರೆ ಸಾಕು ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ಏನು ಮಾಡ್ಲಿ, ವರ್ಷದಿಂದ ಹೊಸ ಮುಖ ನೋಡಿಲ್ಲ, ಈಗ ವಾರಕ್ಕಿಬ್ಬರು ಬರ್ತಾರೆ, ಸುಮ್ನೆ ಕೂತಿದ್ರೆ ಏನಂದುಕೊಳ್ತಾರೆ. ಅದಕ್ಕೇ ಪೆಪ್ಪರಮಿಂಟು. ದೊಡ್ಡದು, ಗೋಲಿಯಷ್ಟು, ನಿನ್ನೆ ಗಡಿಯಾರ ಇಟ್ಟು ನೋಡಿದಳು, ಕಚ್ಚದಿದ್ದರೆ ಹದಿನೇಳು ನಿಮಿಷ, ಕಚ್ಚಿದರೆ ಎರಡು, ಕಚ್ಚಬೇಡಿ ಅತ್ತೆ, ಮತ್ತೆ ಇಷ್ಟು ಖರ್ಚು ಮಾಡಿ ಹಲ್ಲು ಕಟ್ಟಿಸಿದ್ದು ಯಾಕೆ, ನೋಡೋಕಾ. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಅತ್ತೆಯನ್ನು ಕೂರಿಸಿದಳು, ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಫೋಟೋ ತೆಗೀತೀಯಾ ಏನು, ತಲೆ ಹಿಂದಕ್ಕೆ, ಹಾಂ, ಕಲೆ ಮಾಯ, ಬಾಯಿ ತೆಗೀರಿ, ಪೆಪ್ಪರಮಿಂಟು ಒಳಗೆ, ಅತ್ತೆಯ ಬಲಗೆನ್ನೆ ಉಬ್ಬಿತು, ಕಟ್ಟಿಸಿದ ಹಲ್ಲಿಗೆ ತಾಗಿ ಟಕ್ ಅಂತು, ಒಳ್ಳೆ ಬೀಗ, ಬೀಗದವನೂ ಮೆಚ್ಚಬೇಕು.

ಹನ್ನೊಂದೂ ಹತ್ತು, ಬಂದಿಲ್ಲ, ಪೆಪ್ಪರಮಿಂಟು ಕರಗುತ್ತಿದೆ, ಮನೆ ಸವಕಲಾದದ್ದು ಇಷ್ಟು ದಿನ ಯಾಕೆ ಕಾಣಲಿಲ್ಲ, ಅಂಗಡಿಯಲ್ಲಿ ಗಾಜು ಬದಲಿಸಿ ಬದಲಿಸಿ ಕೇಳುತ್ತಾಳಲ್ಲ, ಇದು ಚೆನ್ನಾಗಿ ಕಾಣುತ್ತಾ ಅದು ಕಾಣುತ್ತಾ, ಹಾಗೆ ಯಾರೋ ತನ್ನ ಕಣ್ಣಿಗೆ ಬೇರೆ ಗಾಜು ಹಾಕಿಬಿಟ್ಟಿದ್ದಾರೆ, ಕೊಳ್ಳುವವರ ಗಾಜು, ಬಾಗಿಲ ಸಂದಿಯ ಕೊಳೆ, ಸ್ವಿಚ್ಚಿನ ಸುತ್ತ ಬೆರಳಿನ ಕಪ್ಪು, ಎಲ್ಲಾ ಎದ್ದೆದ್ದು ಕಾಣುತ್ತದೆ, ಟಕ್, ಟಕ್, ಸದ್ದು ಸಣ್ಣದಾಗುತ್ತಿದೆ, ಮೆಟ್ಟಿಲ ಮೇಲೆ ಹೆಜ್ಜೆ, ನಿಂತಿತು, ಮತ್ತೆ ಹೆಜ್ಜೆ, ಮತ್ತೆ ನಿಂತಿತು, ಯಾಕಿಷ್ಟು ನಿಲ್ಲುತ್ತಾರೆ, ದಲ್ಲಾಳಿಯ ದನಿ, ಇನ್ನೊಂದೇ ಸುತ್ತು ಅಮ್ಮಾ, ಬಾಗಿಲು ತೆಗೆದರೆ ಮೊದಲು ಸೆಂಟು, ಆಮೇಲೆ ದಲ್ಲಾಳಿ, ಆಮೇಲೆ ಉಗುರಿನ ಸಂದಿಯಲ್ಲಿ ಶಾಯಿ ಇರುವ ಒಬ್ಬ ಗಂಡಸು, ಪ್ರೆಸ್ಸಿನಲ್ಲಿ ಕೆಲಸ ಇವರಿಗೆ ಅಂದ ದಲ್ಲಾಳಿ, ಅವನ ತೋಳು ಹಿಡಿದು ಅವನ ತಾಯಿ. ಕುಳ್ಳಗೆ, ಅತ್ತೆಯ ವಯಸ್ಸೇ, ಮುಖ ಬೆಳ್ಳಗಾಗಿ ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿದೆ, ತೆರೆದ ಬಾಯಲ್ಲಿ ಏದುಸಿರು. ಕೂತ್ಕೊಳ್ಳಮ್ಮಾ ಅಂದ ಪ್ರೆಸ್ಸಿನವನು, ಎಲ್ಲಿ ಅಂತ ನೋಡಿದ, ಹಾಲ್ ತುಂಬಾ ದೊಡ್ಡದಾಗಿತ್ತು. ಇದ್ದ ಒಂದೇ ಕುರ್ಚಿಯನ್ನು ಎಲ್ಲರೂ ನೋಡಿದರು, ಅವಳು ದಲ್ಲಾಳಿಯನ್ನು ನೋಡಿದಳು, ದಲ್ಲಾಳಿ ಫ್ಯಾನು ನೋಡಿದ, ಪಕ್ಕದ ಮನೆಯಿಂದ ತರ್ತೀನಿ ಅಂತ ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕಿಟಕಿಯ ಸರಳು ಹಿಡಿದು ಎದ್ದೇಬಿಟ್ಟರು, ಎದ್ದರೆ ಹಿಂದೆ ಅದು, ದುಂಡಗೆ, ಹೊಳೆಯುತ್ತ, ಅವಳು ಓಡಿ ಹೋಗಿ ಗೋಡೆಗೆ ಒರಗಿ ನಿಂತಳು, ಸೊಂಟದ ಎತ್ತರದ ಕಲೆಯನ್ನು ಹೇಗೆ ಒರಗಿ ಮುಚ್ಚುವುದು, ಹಿಂಭಾಗದಿಂದಲೇ ಮುಚ್ಚಬೇಕು, ಮುಚ್ಚಿದಳು, ಏನಮ್ಮಾ ಮೈಗೆ ಹುಷಾರಿಲ್ವಾ ಅಂದ ಪ್ರೆಸ್ಸಿನವನು, ಇಲ್ಲ, ಗೋಡೆ ತಂಪಾಗಿದೆ ಅಂತ, ಅಂದಳು, ಇನ್ನೇನು ಹೇಳುವುದು, ಅಷ್ಟರಲ್ಲಿ ಆ ಹೆಂಗಸು ಬಂದು ಕೂತರು, ಅವಳು ಪಕ್ಕಕ್ಕೆ ಸರಿಯಲೇಬೇಕಾಯಿತು, ಆ ಹೆಂಗಸು ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಇಟ್ಟರು, ಸರಿಯಾಗಿ ಅಲ್ಲೇ, ಯಾರೂ ಎಡಕ್ಕೆ ಬಲಕ್ಕೆ ಅಂತ ಹೇಳದೆ, ತಲೆ ಹೋಗಿ ಅಲ್ಲೇ ಕೂತಿತು.

ಆಮೇಲೆ ಎಲ್ಲವೂ ಸುಲಭವಾಯಿತು, ಅದೇ ವಿಚಿತ್ರ, ಪ್ರೆಸ್ಸಿನವನು ನಲ್ಲಿ ತಿರುಗಿಸಿದ, ಕಿಟಕಿಯ ಮುಂದೆ ನಿಂತ, ಈಗಿರೋದು ನೆಲಮಹಡಿ, ಅಮ್ಮ ಹಗಲಲ್ಲೂ ಲೈಟ್ ಹಾಕ್ಕೊಂಡು ಕೂತಿರ್ತಾಳೆ, ಇಲ್ಲಿ ಬೆಳಕಿದೆ ನೋಡಮ್ಮಾ ಅಂದ, ಹೂಂ ಅಂದರು ಆ ಹೆಂಗಸು ಕಣ್ಣು ತೆರೆಯದೆ, ಬಟ್ಟೆ ಮಿಷನ್ ಮನೆ ಜೊತೆ ಬರುತ್ತಾ ಅಂತ ಮುಚ್ಚಳಕ್ಕೆ ಕೈ ಹಾಕಿದ, ದಲ್ಲಾಳಿ ಅವನ ಭುಜ ಹಿಡಿದು ಅಡುಗೆಮನೆಯ ಕಡೆಗೆ ತಿರುಗಿಸಿದ, ಬಂದದ್ದಕ್ಕೆ ಆ ದಲ್ಲಾಳಿ ಮಾಡಿದ ಒಂದೇ ಒಳ್ಳೆ ಕೆಲಸ. ಹನ್ನೊಂದೂ ನಲವತ್ತು. ಪೆಪ್ಪರಮಿಂಟಿನ ಲೆಕ್ಕ ಮುಗಿದು ಎಷ್ಟು ಹೊತ್ತಾಯಿತು, ಅತ್ತೆ ಈಗ ಶುರು ಮಾಡುತ್ತಾರೆ, ಈಗ, ಈಗ, ಕಿಟಕಿ ಮುಚ್ಚಲ್ಲ ಅನ್ನುತ್ತಾರೆ, ಕುಣಿಯುವವನ ಸುದ್ದಿ ತೆಗೆಯುತ್ತಾರೆ, ಕೊನೆಗೆ ಪ್ರೆಸ್ಸಿನವನೇ ಕೇಳಿದ, ಅಲ್ಲಮ್ಮಾ, ಇಷ್ಟು ಮೆಟ್ಟಿಲಿದೆ, ನಿಮ್ಮ ಅತ್ತೆಯವರು ಹೆಂಗೆ ಹತ್ತಿ ಇಳೀತಾರೆ. ಆರು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ, ಕೇಳುವ ಮೊದಲೇ ಅತ್ತೆ ಹೇಳಿಬಿಡುತ್ತಿದ್ದರು, ಈಗ ಕೇಳಿದ್ದಾನೆ, ಹೇಳಲಿ, ಹೇಳಿಬಿಡಲಿ, ಒಂದು ಥರ ಹೇಳಿಬಿಟ್ಟರೇ ವಾಸಿ, ಅವಳು ಅತ್ತೆಯನ್ನು ನೋಡಿದಳು, ಅತ್ತೆ ಸರಳು ಹಿಡಿದು ಬೀದಿ ನೋಡುತ್ತಿದ್ದರು, ಎದುರಿನ ಹೊಸ್ತಿಲ ಮೇಲೆ ಬೀಗದವನು ಕೂತು ಏನೋ ಉಜ್ಜುತ್ತಿದ್ದ, ಅತ್ತೆಯ ಕೆನ್ನೆ ಚಪ್ಪಟೆ, ಎರಡೂ ಕೆನ್ನೆ, ಆದರೆ ದವಡೆ ಆಡುತ್ತಿದೆ, ಏನೂ ಇಲ್ಲದ ಬಾಯಿ ನಿಧಾನವಾಗಿ ಚೀಪುತ್ತಿದೆ, ಟಕ್ ಅನ್ನಿಸಲು ನೋಡುತ್ತಿದೆ, ಬಾಯಿಯಲ್ಲಿ ಏನೋ ಇದೆ, ಮಾತಾಡೋಕಾಗಲ್ಲ ಅನ್ನುವ ಹಾಗೆ ಕೈಯಲ್ಲೇ ಸನ್ನೆ ಮಾಡಿದರು, ಅವಳನ್ನೇ ಕೇಳಿ. ಅವಳ ಬಾಯಿಂದ ಬಂದದ್ದು ಅಂಗಡಿಯ ಮಾತು, ದೂರಕ್ಕೊಂದು ಹತ್ತಿರಕ್ಕೊಂದು, ಎರಡು ಥರ ಗಾಜಿನ ಕನ್ನಡಕ ಕೊಟ್ಟು ಪ್ರತಿ ಮುದುಕನಿಗೂ ಹೇಳುವುದು, ತಲೆ ಸುತ್ತುತ್ತಮ್ಮಾ ಮೆಟ್ಟಿಲು ಕಾಣಲ್ಲಮ್ಮಾ ಅಂತ ಎರಡು ದಿನಕ್ಕೆ ವಾಪಸು ಬಂದವರಿಗೂ ಹೇಳುವುದು, ಸ್ವಲ್ಪ ದಿನ ಹಾಗನ್ನಿಸುತ್ತೆ, ಆಮೇಲೆ ಅಭ್ಯಾಸ ಆಗುತ್ತೆ. ಸುಳ್ಳಲ್ಲ, ಅತ್ತೆಗೂ ಅಭ್ಯಾಸ ಆಗಿತ್ತು, ಇಳಿಯದೆ ಇರುವುದು. ಹಂಗಾದ್ರೆ ನಾಳೆ ಮುಂಗಡ ತರ್ತೀನಿ ಅಂದ ಪ್ರೆಸ್ಸಿನವನು, ಅಮ್ಮನ ತೋಳು ಹಿಡಿದ, ಆ ಹೆಂಗಸು ಎದ್ದು ಅತ್ತೆಯ ಕೈ ಹಿಡಿದು, ನಿಮ್ಮ ಜಾಗ ತಗೊಂಡೆ ಅಂದರು, ನಕ್ಕರು, ಅತ್ತೆ ತಲೆಯಾಡಿಸಿ ಚೀಪುತ್ತಲೇ ಇದ್ದರು, ಐವತ್ತನಾಲ್ಕು ಮೆಟ್ಟಿಲು ಇಳಿಯುವ ಸದ್ದು, ನಿಂತಿತು, ಇಳಿಯಿತು, ನಿಂತಿತು, ಕೆಳಗಿನ ಗೇಟು. ಬಾಯಿ ಮುಚ್ಕೊಂಡಿದ್ದೆ ತಾನೆ, ಇನ್ನೊಂದು ಪೆಪ್ಪರಮಿಂಟು ಕೊಡು ಅಂದರು ಅತ್ತೆ, ಕೊಟ್ಟಳು, ಕಟಕ್ಕನೆ ಕಚ್ಚಿದರು, ಗಂಡನಿಗೆ ಫೋನ್ ಮಾಡಬೇಕು, ಬೀಗದವನಿಗೆ ಹೇಳಬೇಕು, ಮಿಷನ್ನಿನಿಂದ ಪಾತ್ರೆ ತೆಗೆಯಬೇಕು, ಕಸದ ಡಬ್ಬಿ ಹುಡುಕಬೇಕು, ಕುರ್ಚಿಗಳನ್ನು ತರಬೇಕು, ಕೂತ್ಕೊಳ್ಳಿ ಅತ್ತೆ ಅಂತ ತಿರುಗಿದಳು, ಗೋಡೆಯಲ್ಲಿ ಹಳೆಯದಿತ್ತು, ಅದರ ನಡುವಿಗಿಂತ ನಾಲ್ಕು ಬೆರಳು ಕೆಳಗೆ, ಆ ಹೆಂಗಸು ಕುಳ್ಳಗಿದ್ದರಲ್ಲ, ಇನ್ನೊಂದು, ಒದ್ದೆ, ಬೆವರು ತಾನೆ, ಒಣಗುತ್ತದೆ, ಫ್ಯಾನು ಹಾಕಿದರೆ ಒಣಗುತ್ತದೆ, ಫ್ಯಾನು ಹಾಕಿದಳು, ಅಂಚು ಒಣಗಿತು, ನಡುವೆ ಒಣಗಲಿಲ್ಲ, ಅವರೂ ಎಣ್ಣೆ ಹಚ್ಚುತ್ತಾರೆ, ಇನ್ನೂ ಸಣ್ಣದು, ಲೋಟದ ಬಾಯಿಯಷ್ಟು, ದುಂಡಗಿದೆ