ತ್ರಿಕೋನವಿಲ್ಲದ ಸಾಲು

ಹೆಬ್ಬೆರಳಿನ ಉಗುರಿನಷ್ಟು ಒಂದು ತ್ರಿಕೋನ, ಅದರೊಳಗೊಂದು ಅಂಕಿ. ಕೆಲಸಕ್ಕೆ ಸೇರಿದ ಮೊದಲ ಆರು ವರ್ಷ ನಾನು ಹೆಚ್ಚಾಗಿ ನೋಡಿದ್ದು ಅದನ್ನೇ. ಅಣು ವಿದ್ಯುತ್ ಸ್ಥಾವರದ ಕೊಳವೆಗಳ ನಕ್ಷೆ ತಿದ್ದುಪಡಿಯಾದಾಗಲೆಲ್ಲ ಬದಲಾದ ಜಾಗದ ಪಕ್ಕದಲ್ಲಿ ನಕ್ಷೆಗಾರ ಒಂದು ತ್ರಿಕೋನ ಬರೆದು, ಎಷ್ಟನೆಯ ತಿದ್ದುಪಡಿ ಎಂದು ಅದರೊಳಗೆ ನಮೂದಿಸುತ್ತಿದ್ದ. ಹೊಸ ಹಾಳೆ ನಮ್ಮ ಪರಿಶೀಲನಾ ಮಂಡಳಿಗೆ ಬಂದಾಗ ನಾವು ತ್ರಿಕೋನಗಳನ್ನು ಹುಡುಕಿ, ಅಷ್ಟನ್ನು ಮಾತ್ರ ಲೆಕ್ಕ ಹಾಕಿ ನೋಡಿ, ಸಹಿ ಮಾಡುತ್ತಿದ್ದೆವು. ಉಳಿದದ್ದನ್ನು ಹಿಂದೆಯೇ ನೋಡಿಯಾಗಿದೆಯಲ್ಲ! ಹೀಗೆ ಮಾಡಿ ಎಂದು ಯಾವ ನಿಯಮದಲ್ಲೂ ಇರಲಿಲ್ಲ. ಎಲ್ಲರೂ ಮಾಡುತ್ತಿದ್ದರು, ನಾನು ಎಲ್ಲರಿಗಿಂತ ಬೇಗ ಮಾಡಿ ಮುಗಿಸುತ್ತಿದ್ದೆ. ಅದರ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು.

ಆರನೆಯ ವರ್ಷ ನಾನು ಹೋಗಿದ್ದ ಊರಿನ ಸ್ಥಾವರ ಆಗಷ್ಟೇ ಕಟ್ಟಿ ಮುಗಿದಿತ್ತು. ಇಂಧನ ತುಂಬುವ ಮೊದಲು ಕೊಳವೆಗಳಲ್ಲಿ ನೀರು ಹರಿಸಿ, ಮೂರು ದಿನ ಮೆಲ್ಲಮೆಲ್ಲನೆ ಕಾಯಿಸಿ ನೋಡುವ ಪರೀಕ್ಷೆ ನಡೆಯುತ್ತಿತ್ತು. ಕಾದ ಕೊಳವೆ ಉದ್ದವಾಗುತ್ತದೆ. ಅದು ಹಿಗ್ಗುವಷ್ಟು ಜಾಗವನ್ನು ಸುತ್ತಲಿನ ಉಕ್ಕಿನ ಚೌಕಟ್ಟಿನಲ್ಲಿ ಬಿಟ್ಟಿರಬೇಕು. ಬಿಡದಿದ್ದರೆ ಕೊಳವೆ ಚೌಕಟ್ಟಿಗೆ ಒತ್ತಿ ನಿಂತು, ಇನ್ನೊಂದು ತುದಿಯ ಬೆಸುಗೆಯ ಮೇಲೆ ಭಾರ ಬೀಳುತ್ತದೆ. ಬೆಸುಗೆ ಬಿರುಕು ಬಿಟ್ಟರೆ ಒಳಗಿನ ನೀರು ಕ್ಷಣದಲ್ಲಿ ಹಬೆಯಾಗಿ ಕೋಣೆ ತುಂಬುತ್ತದೆ. ಆ ಕೋಣೆಗಳ ಉಕ್ಕಿನ ಬಾಗಿಲು ತೆರೆಯಲು ಚಕ್ರ ತಿರುಗಿಸಬೇಕು. ಒಳಗಿದ್ದವನಿಗೆ ಅಷ್ಟು ಹೊತ್ತು ಸಿಗುವುದಿಲ್ಲ.

ಮಂಡಳಿಯ ಪರವಾಗಿ ಪರೀಕ್ಷೆ ನೋಡಲು ಹೋಗಿದ್ದವರು ನಾನು ಮತ್ತು ನನ್ನ ಮೇಲಧಿಕಾರಿ ವಿಷಕಂಠಯ್ಯನವರು. ಒಳಗೆ ಹೋಗಿ ಕೊಳವೆ ಎಷ್ಟು ಸರಿದಿದೆ ಎಂದು ಅಳೆದು ಬರುವ ಕೆಲಸ ಮಡಿವಾಳಪ್ಪ ಎಂಬ ಫಿಟರ್‌ನದು. ಐವತ್ತು ದಾಟಿದ ಮನುಷ್ಯ, ಆ ಕೊಳವೆಗಳನ್ನು ಕೂಡಿಸಿದ ತಂಡದ ಮೇಸ್ತ್ರಿ. ಎರಡನೆಯ ದಿನ ಬೆಳಿಗ್ಗೆ ನೀರು ನೂರೈವತ್ತು ಡಿಗ್ರಿಗೆ ಬಂದಾಗ ಅವನು ನನ್ನ ಮೇಜಿನ ಮೇಲೆ ತಿದ್ದುಪಡಿಗೆ ಮುಂಚಿನ, ಮಡಚಿದ ಹಳೆಯ ನಕ್ಷೆಯೊಂದನ್ನು ಇಟ್ಟ.

"ಇದನ್ನ ಒಳಗ ಒಯ್ಯೂದಿಲ್ರೀ ಮೇಡಂ. ಬೆವರಿಗೆ ತೊಯ್ದು ಹರದು ಹೋಗ್ತದ. ಇಲ್ಲೇ ಇರ್ಲಿ."

ಅವನು ಮೇಲಂಗಿ ತೊಡಲು ಹೋದ. ಸುಮ್ಮನೆ ಕೂರಲಾಗದೆ ನಾನು ಆ ಹಾಳೆ ಬಿಡಿಸಿ ನನ್ನ ಹೊಸ ಹಾಳೆಯ ಪಕ್ಕ ಹರಡಿಕೊಂಡೆ. ಹೊಸದು ನಾನೇ ಸಹಿ ಮಾಡಿದ್ದು. ಅದರಲ್ಲಿ ನಾಲ್ಕು ತ್ರಿಕೋನಗಳಿದ್ದವು, ನಾಲ್ಕನ್ನೂ ನೋಡಿದ್ದೆ. ಆದರೆ ಕೆಳಗಿನ ಪಟ್ಟಿಯಲ್ಲಿ, ಯಾವ ತ್ರಿಕೋನವೂ ಇಲ್ಲದ ಕಡೆ, ಮೂಲೆಯ ಒಂದು ಚೌಕಟ್ಟಿನ ಎದುರು ಹಳೆಯ ಹಾಳೆ ಐವತ್ತು ಮಿಲಿಮೀಟರ್ ಜಾಗ ಎನ್ನುತ್ತಿತ್ತು, ಹೊಸ ಹಾಳೆ ಐದು ಎನ್ನುತ್ತಿತ್ತು. ಮೇಲೆ ಕೆಳಗೆ ಕಣ್ಣಾಡಿಸಿದೆ. ಪಟ್ಟಿಯನ್ನು ಕೈಯಲ್ಲಿ ನಕಲು ಮಾಡುವಾಗ ನಕ್ಷೆಗಾರನ ಕಣ್ಣು ಒಂದು ಸಾಲು ಜಾರಿತ್ತು. ಮೂರು ಚೌಕಟ್ಟುಗಳ ಅಂಕಿಗಳು ಒಂದೊಂದು ಮನೆ ಕೆಳಗಿಳಿದಿದ್ದವು. ತಾನು ಬದಲಾಯಿಸಿದ್ದು ಅವನಿಗೇ ಗೊತ್ತಿಲ್ಲದ ಮೇಲೆ ತ್ರಿಕೋನ ಹೇಗೆ ಹಾಕಿಯಾನು?

ನೂರೈವತ್ತು ಡಿಗ್ರಿಗೆ ಆ ಕೊಳವೆ ಹದಿನೆಂಟು ಮಿಲಿಮೀಟರ್ ಹಿಗ್ಗಬೇಕು. ಜಾಗ ಇರುವುದು ಐದು.

ಆಗಲೇ ಮಡಿವಾಳಪ್ಪ ಹೆಲ್ಮೆಟ್ ಹಾಕಿಕೊಂಡು ಬಾಗಿಲಲ್ಲಿ ಇಣುಕಿದ. "ಮೇಡಂ, ಹೋಗಿ ಬರ್ಲೇನ್ರೀ?"

ನಾನು ಹೂಂ ಎಂದೆ.

ಇಷ್ಟು ವರ್ಷಗಳ ಮೇಲೂ ಆ ಹೂಂ ನೆನಪಾದರೆ ಕುಳಿತಲ್ಲಿಂದ ಎದ್ದುಬಿಡುತ್ತೇನೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅದಾದ ಮೇಲೆ ಮುಕ್ಕಾಲು ಗಂಟೆ ಅಲ್ಲೇ ಕುಳಿತಿದ್ದೆನಲ್ಲ, ಅದಕ್ಕೆ ಏನು ಹೇಳಲಿ? ಲೆಕ್ಕ ತಪ್ಪಿರಬಹುದು ಎಂದುಕೊಂಡು ಮತ್ತೆ ಹಾಕಿದೆ. ಅದೇ ಬಂತು. ಎದ್ದು ಹೋಗಿ ಮುಖ ತೊಳೆದು ಬಂದೆ. ಕಾಯಿಸುವುದನ್ನು ನಿಲ್ಲಿಸಿದರೆ ಇಡೀ ಸ್ಥಾವರ ಯಾಕೆ ಎಂದು ಕೇಳುತ್ತದೆ, ಸಹಿ ಯಾರದು ಎಂದು ಕೇಳುತ್ತದೆ. ಕೆಲಸ ಹೋಗುತ್ತದೆ ಅನ್ನುವುದಕ್ಕಿಂತ ಹೆಚ್ಚಾಗಿ, ಅಷ್ಟು ಜನರ ಎದುರು ವಿಷಕಂಠಯ್ಯನವರ ಮುಖ ಹೇಗಾಗುತ್ತದೆ ಎಂಬ ಹೆದರಿಕೆ ನನಗೆ. ಒಬ್ಬ ಮನುಷ್ಯ ಒಳಗಿದ್ದಾನೆ, ನಾನು ಯೋಚಿಸುತ್ತಿರುವುದು ಇದನ್ನು! ಗೊತ್ತಿದ್ದೂ ಕಾಲು ಏಳಲಿಲ್ಲ. ಗೋಡೆಯಾಚೆ ಎಲ್ಲೋ ಟಕ್ ಎಂದು ಸದ್ದಾದಾಗಲೆಲ್ಲ ಉಸಿರು ಹಿಡಿದು ಕಾಯುತ್ತಿದ್ದೆ.

ಕೊನೆಗೆ ಫೋನಿನ ಮೇಲೆ ಕೈಯಿಟ್ಟೆ. ಎತ್ತುತ್ತಿದ್ದೆನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಬಾಗಿಲು ತೆಗೆದು ಮಡಿವಾಳಪ್ಪ ಬಂದ. ಬೆವರಿನಿಂದ ತೊಯ್ದು ತೊಪ್ಪೆಯಾಗಿದ್ದ.

"ಆ ಮೂಲೆಯ ಚೌಕಟ್ಟು... ಅಲ್ಲಿ ಜಾಗ ಎಷ್ಟಿತ್ತು?" ಎಂದು ಕೇಳಿದೆ.

"ಮೂವತ್ತೆರಡು ಉಳದದ್ರೀ. ಬರೋಬ್ಬರಿ ಅದ."

"ಹೊಸ ಹಾಳೆಯಲ್ಲಿ ಐದು ಅಂತಿದೆಯಲ್ಲ?"

ಅವನು ಬಗ್ಗಿ ನೋಡಿದ. ಹುಬ್ಬು ಗಂಟಿಕ್ಕಿದ. "ಹೌದಲ್ರೀ! ನಾವು ನೋಡೇ ಇಲ್ಲ. ತ್ರಿಕೋನ ಇದ್ದಿದ್ದಿಲ್ಲಲ್ರೀ ಇಲ್ಲಿ. ಬದಲಾಗಿಲ್ಲಂತ ತಿಳಕೊಂಡು ಹಳೇ ಹಾಳೀ ಪ್ರಕಾರನ ಕೂಡ್ಸಿದ್ವಿ."

ನಾನು ನಕ್ಕೆನೋ ಅತ್ತೆನೋ. ನಾನು ಯಾವ ಉದಾಸೀನದಿಂದ ಸಹಿ ಹಾಕಿದ್ದೆನೋ ಅದೇ ಉದಾಸೀನ ಅವನನ್ನು ಉಳಿಸಿತ್ತು. ಆದರೆ ಆ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ.

"ಈ ಮೂರೂ ನೀವೇ ಕೂಡಿಸಿದ್ದಾ?"

"ಎರಡು ನಾವು. ಇದು, ಬಾಜೂ ಖೋಲೀದು, ಆಮ್ಯಾಲೆ ಬಂದ ತಂಡದವರು ಮಾಡಿದ್ದು. ಅವರ ಕಡೆ ಹಳೇ ಹಾಳೀ ಇದ್ದಿದ್ದಿಲ್ರೀ."

ಈ ಸಲ ಕಾಲು ಎದ್ದವು. ಓಡಿಹೋಗಿ ವಿಷಕಂಠಯ್ಯನವರ ಮುಂದೆ ಎರಡೂ ಹಾಳೆ ಹಿಡಿದೆ. ಅವರು ಒಂದೇ ನೋಟಕ್ಕೆ ಗ್ರಹಿಸಿದರು. ಫೋನ್ ಎತ್ತಿ ಕಾಯಿಸುವುದನ್ನು ನಿಲ್ಲಿಸಿ, ಒಳಗೆ ಯಾರೂ ಹೋಗಬಾರದು ಎಂದರು. ಆಮೇಲೆ ನನ್ನನ್ನು ನೋಡಿದರು.

"ಯಾವಾಗ ಗೊತ್ತಾಯ್ತಮ್ಮಾ ನಿನಗೆ?"

"ಹತ್ತೂಕಾಲಿಗೆ."

ಗಡಿಯಾರ ಹನ್ನೊಂದು ದಾಟಿತ್ತು. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ವರದಿಯಲ್ಲಿ ಹನ್ನೊಂದು ಗಂಟೆಗೆ ಅಂತ ಬರಿ," ಎಂದರು. ನಾನು ಹಾಗೆಯೇ ಬರೆದೆ.

ಎರಡು ದಿನ ಬಿಟ್ಟು, ಎಲ್ಲ ತಣ್ಣಗಾದ ಮೇಲೆ ಆ ಪಕ್ಕದ ಕೋಣೆಗೆ ಹೋದೆವು. ಕೊಳವೆಗೆ ಸುತ್ತಿದ್ದ, ಶಾಖ ತಡೆಯುವ ಹೊದಿಕೆ ಚೌಕಟ್ಟಿಗೆ ಒತ್ತಿ ರೊಟ್ಟಿಯಂತೆ ಚಪ್ಪಟೆಯಾಗಿತ್ತು. ಚೌಕಟ್ಟಿನ ಒಂದು ಕಾಲು ಬಾಗಿತ್ತು. ಕೊಳವೆಯ ಇನ್ನೊಂದು ತುದಿಯ ಬೆಸುಗೆ ಪರೀಕ್ಷಿಸಿದವರು ಕೂದಲೆಳೆಯಷ್ಟು ಬಿರುಕು ಕಂಡಿದೆ ಎಂದರು. ಆ ಚೌಕಟ್ಟು ಅಳೆಯಬೇಕಾದವುಗಳ ಪಟ್ಟಿಯಲ್ಲಿರಲಿಲ್ಲ, ಆದ್ದರಿಂದ ಮಡಿವಾಳಪ್ಪ ಅದರತ್ತ ಕತ್ತೆತ್ತಿ ನೋಡಿರಲಿಲ್ಲ. ಆದರೆ ಅಂದು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಅದರ ಕೆಳಗೇ ಹಾದಿದ್ದ. ಅವನು ಟಾರ್ಚ್ ಹಾಯಿಸಿ ಬಿರುಕನ್ನು ನೋಡಿದ. ಉಳಿದವರು ಹೊರಗೆ ಹೋದ ಮೇಲೆ ನನ್ನ ಕಡೆ ತಿರುಗಿದ.

"ಮೇಡಂ, ಅವತ್ತು ನಾ ಬಾಗಲದಾಗ ನಿಂತು ಕೇಳಿದ್ನಲ್ರೀ. ಆಗ ನಿಮಗ ಗೊತ್ತಿತ್ತೇನು?"

ಬರೆದುಕೊಟ್ಟ ವರದಿಯಲ್ಲಿ ಬೇರೆಯೇ ಇತ್ತು. ಇಲ್ಲ ಎಂದಿದ್ದರೆ ಅವನು ನಂಬುತ್ತಿದ್ದ. "ಗೊತ್ತಿತ್ತು," ಎಂದೆ.

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೆಗಲ ಮೇಲಿನ ಟವೆಲ್ಲಿನಿಂದ ಕತ್ತು ಒರೆಸಿಕೊಂಡು ಹೊರಟುಹೋದ.

ಬೆಸುಗೆ ಹೊಸದಾಗಿ ಹಾಕಿದರು, ಚೌಕಟ್ಟು ಬದಲಾಯಿಸಿದರು. ಎಲ್ಲ ಹಾಳೆಗಳನ್ನೂ ಸಾಲು ಸಾಲಾಗಿ ಹಳೆಯದರ ಜೊತೆ ಹೋಲಿಸಿ ನೋಡಿದೆವು. ಒಂದು ತಿಂಗಳ ನಂತರ ಮತ್ತೆ ಕಾಯಿಸಿದರು. ನೀರು ತುಟ್ಟತುದಿಯ ಬಿಸಿಗೆ ಬಂದ ದಿನ ಮಡಿವಾಳಪ್ಪ ನನ್ನ ಮೇಜಿನ ಮುಂದೆ ಬಂದು ನಿಂತ. ಕೈಯಲ್ಲಿ ಎರಡು ಹೆಲ್ಮೆಟ್ ಇದ್ದವು.

"ಈ ಸಲ ಅಂಕಿ ನೀವು ಓದ್ರಿ. ನಾ ಬರಕೊಂತೀನಿ."

ಒಳಗಿನ ಗಾಳಿ ಒಲೆಯ ಬಾಯಿಯ ಹಾಗೆ ಮುಖಕ್ಕೆ ಹೊಡೆಯಿತು. ಹಿಂದೆ ಬಾಗಿಲು ಮುಚ್ಚಿತು, ಚಕ್ರ ತಿರುಗಿದ ಸದ್ದಾಯಿತು. ಬದಲಾಯಿಸಿದ ಆ ಚೌಕಟ್ಟಿನ ಕೆಳಗೆ ನಿಂತು ಅಳತೆಪಟ್ಟಿ ಎತ್ತಿದೆ. ಪಟ್ಟಿ ನಡುಗಿ ಗೆರೆಗಳೆಲ್ಲ ಕಲಸಿ ಹೋಗಿ ಏನೂ ಕಾಣಲಿಲ್ಲ. ತಲೆಯ ಮೇಲೆ ಕೊಳವೆ ಟಕ್ ಎಂದು ಸರಿಯಿತು. ನಾನು ಕಣ್ಣು ಮುಚ್ಚಿಬಿಟ್ಟೆ.

ಮಡಿವಾಳಪ್ಪ ಬಾಗಿಲ ಬಳಿ ಬರೆದುಕೊಳ್ಳಲು ನಿಂತಿದ್ದವನು, ನಡೆದು ಬಂದು ನನ್ನ ಪಕ್ಕ, ಅದೇ ಕೊಳವೆಯ ಕೆಳಗೆ ನಿಂತ. ಟಾರ್ಚ್ ಮೇಲಕ್ಕೆ ಹಿಡಿದ.

"ಹದಿನಾಲ್ಕು," ಎಂದೆ.

"ಇನ್ನೊಮ್ಮೆ ನೋಡ್ರಿ."

ನೋಡಿದೆ. "ಹದಿನಾಲ್ಕು."

ಲೆಕ್ಕದ ಪ್ರಕಾರ ಉಳಿಯಬೇಕಾದದ್ದೂ ಅಷ್ಟೇ. ಅವನು ಬೆಳಕನ್ನು ಹಾಗೇ ಹಿಡಿದು, ಇನ್ನೊಂದು ಕೈಯಲ್ಲಿ ಬರೆದುಕೊಂಡ.