ಮಡಿಲಿನಿಂದ ಒಂದು ಹಿಡಿ

ಎಸರು ಕುದಿಯುತ್ತಿತ್ತು. ನಾಗಕ್ಕ ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು ಕೇರತೊಡಗಿದಾಗ ಕಾಳುಗಳ ಸದ್ದಿನ ನಡುವೆ ಬೇರೆಯದೊಂದು ಸದ್ದು ಕೇಳಿತು. ಕಲ್ಲಿರಬೇಕೆಂದು ಬೆರಳಾಡಿಸಿದಳು. ಸಿಕ್ಕಿದ್ದು ಬಂಗಾರದ ಕಾಸು. ಹಿತ್ತಲ ಬಾಗಿಲಿನಿಂದ ಬರುತ್ತಿದ್ದ ಬಿಸಿಲಿಗೆ ಅದು ಒಮ್ಮೆ ಹೊಳೆಯಿತು. ಅವಳು ಅದನ್ನು ಮತ್ತೆ ಅಕ್ಕಿಯೊಳಗೇ ಹುದುಗಿಸಿ ಸುಮ್ಮನೆ ಕೂತಳು.

ಬೆಂಕಿಪೊಟ್ಟಣ ಕೇಳಲು ಬಂದ ವಾರಗಿತ್ತಿ ಹುಲಿಗೆಮ್ಮ ಬಾಗಿಲಲ್ಲೇ ಕೂಗಿದಳು.

"ಅಕ್ಕಾ, ಎಸರು ಉಕ್ಕಿ ಒಲೆ ಆರ್ತಾ ಐತೆ. ಎಲ್ಲಿ ನೋಡ್ತಾ ಕುಂತೀಯ?"

ನಾಗಕ್ಕ ಮೊರವನ್ನು ಅವಳ ಕಡೆಗೆ ಸರಿಸಿದಳು. ಹುಲಿಗೆಮ್ಮ ಕೈಯಾಡಿಸಿ, ಕಾಸನ್ನು ಎತ್ತಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದಳು.

"ಅಯ್ಯೋ ನಮ್ಮವ್ವ! ನಿನ್ನೆ ಮೀನಾಕ್ಷಮ್ಮ ತುಂಬಿದ ಮಡ್ಲಕ್ಕಿ ಅಲ್ವೇನಕ್ಕ ಇದು?"

"ಹೂಂ."

"ನನ್ನ ಮಡ್ಲಿಗೆ ಕೊಬ್ಬರಿ ಚೂರು ಹಾಕೋರೂ ಇಲ್ಲ. ನಾನೇ ಡೈರಿ ಅಧ್ಯಕ್ಷೆ ಆಗ್ಬೇಕಿತ್ತು ಬಿಡು."

ನಾಗಕ್ಕನಿಗೆ ನಗು ಬರಲಿಲ್ಲ.

ಹಟ್ಟಿಯ ಮಹಿಳಾ ಡೈರಿಗೆ ಅವಳು ಅಧ್ಯಕ್ಷೆ. ಹಾಲು ಒಕ್ಕೂಟದ ನಿರ್ದೇಶಕರ ಚುನಾವಣೆ ಬಂದಿತ್ತು. ಹೊಸದುರ್ಗ ತಾಲ್ಲೂಕಿನ ಒಂದೊಂದು ಡೈರಿಗೆ ಒಂದೊಂದು ಓಟು. ಈ ಹಟ್ಟಿಯ ಓಟು ಅವಳ ಕೈಯಲ್ಲಿತ್ತು. ಆಳುವ ಪಕ್ಷಕ್ಕೆ ಹೊರಗಿನ ಎದುರಾಳಿಗಳು ಯಾರೂ ಇರಲಿಲ್ಲ. ಇದ್ದ ಜಗಳವೆಲ್ಲ ಪಕ್ಷದ ಒಳಗಿನದೇ. ಶಾಸಕರ ಕಡೆಯಿಂದ ರಂಗೇಶ್ ನಿಂತಿದ್ದ, ಮಂತ್ರಿಗಳ ಕಡೆಯಿಂದ ಹನುಮಂತರಾಜು. ಯಾರ ಮನುಷ್ಯ ಗೆಲ್ಲುತ್ತಾನೋ ಮುಂದೆ ತಾಲ್ಲೂಕು ಅವರದು ಎಂದು ಚಹಾ ಅಂಗಡಿಗಳಲ್ಲಿ ಮಾತು ನಡೆದಿತ್ತು. ಇವರಿಬ್ಬರ ನಡುವೆ ಅದೇ ಪಕ್ಷದ ಯಮುನಾ ಎಂಬಾಕೆಯೂ ನಾಮಪತ್ರ ಹಾಕಿದ್ದಳು. ಆಕೆ ಎರಡೂ ಬಣಕ್ಕೆ ಬೇಡವಾದವಳು. ಆದರೆ ಹಾಲಿನ ವ್ಯಾನು ಹಟ್ಟಿಯವರೆಗೆ ಬರಲೆಂದು ಕಚೇರಿಗಳ ಬಾಗಿಲು ಕಾದವಳು ಅವಳೇ. ಅದಕ್ಕೆ ಮುಂಚೆ ಹೆಂಗಸರು ಕ್ಯಾನು ಹೊತ್ತು, ಗಾಳಿಯಂತ್ರಗಳ ಗುಡ್ಡ ಬಳಸಿಕೊಂಡು ಟಾರು ರಸ್ತೆಯವರೆಗೆ ನಡೆಯಬೇಕಿತ್ತು. ಬೇಸಿಗೆಯಲ್ಲಿ ಅಷ್ಟರೊಳಗೆ ಹಾಲು ಒಡೆಯುತ್ತಿತ್ತು. ಓಟು ಯಮುನಾಗೆ ಎಂದು ಡೈರಿಯ ಹೆಂಗಸರೆಲ್ಲ ಕೂತು ತೀರ್ಮಾನಿಸಿದ್ದರು. ನಾಗಕ್ಕ ಅವರೆದುರು ಹೂಂ ಎಂದಿದ್ದಳು.

ಅದಾದ ಮೇಲೆ ನಿನ್ನೆ ರಂಗೇಶನ ಹೆಂಡತಿ ಮೀನಾಕ್ಷಿ ಬಂದಳು. ಗಂಡ ಕಾರಿನಲ್ಲೇ ಕೂತಿದ್ದ. ಆಕೆ ಓಟಿನ ಮಾತೇ ಎತ್ತಲಿಲ್ಲ. "ನೀವು ನಮ್ಮನೆ ಮಗಳಿದ್ದಂಗೆ ನಾಗಕ್ಕ. ನಮ್ಮನೇನೇ ನಿಮ್ಮ ತವರು ಅಂತ ತಿಳ್ಕಳ್ರಿ. ಕುಂತ್ಕಳ್ರಿ, ಸೆರಗೊಡ್ರಿ" ಎಂದಳು.

ಮಡಿಲು ತುಂಬುತ್ತೇನೆ ಎಂದು ಬಂದವರಿಗೆ ಮುತ್ತೈದೆ ಬೇಡವೆನ್ನುವುದಿಲ್ಲ. ಬೇಡವೆಂದರೆ ತವರನ್ನೇ ಬೇಡವೆಂದಂತೆ. ನಾಗಕ್ಕನ ತವರು ಹಿರಿಯೂರಿನ ಕಡೆ. ತಾಯಿ ತೀರಿಕೊಂಡು ಅಣ್ಣಂದಿರು ಬೇರೆಯಾದ ಮೇಲೆ ಅವಳ ಸೆರಗಿಗೆ ಯಾರೂ ಅಕ್ಕಿ ಹಾಕಿರಲಿಲ್ಲ. ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ಒಂದೊಂದಾಗಿ ಮಡಿಲಿಗೆ ಬೀಳುವಾಗ ಅವಳ ಕಣ್ಣು ತುಂಬಿ ಎದುರಿಗಿದ್ದವಳ ಮುಖವೇ ಕಾಣಲಿಲ್ಲ. ಮಡಿಲು ತುಂಬಿದವರ ಮನೆ ಬರಿದಾಗಬಾರದೆಂದು ಮಡಿಲಿನಿಂದ ಒಂದು ಹಿಡಿ ತೆಗೆದು ಹಿಂದಕ್ಕೆ ಹಾಕುವುದು ವಾಡಿಕೆ. ಹಾಗೇ ಒಂದು ಹಿಡಿಯನ್ನು ಮೀನಾಕ್ಷಿಯ ತಟ್ಟೆಗೆ ಹಾಕಿದ್ದಳು. ಆ ಹಿಡಿಯಲ್ಲೇ ಈ ಕಾಸು ಹೋಗಿದ್ದರೆ ಎಂದು ಈಗ ಅನ್ನಿಸಿತು. ಅತ್ತದ್ದು ನೆನಪಾಗಿ ಕಿವಿ ಬಿಸಿಯಾಯಿತು.

ಹುಲಿಗೆಮ್ಮ ಹೇಳಿ ಕಳಿಸಿದ್ದರಿಂದ ಡೈರಿಯ ಕಾರ್ಯದರ್ಶಿ ಗಿರೀಶ್ ಬಂದ. ಕಾಸನ್ನು ನೋಡಿದ, ಮುಟ್ಟಲಿಲ್ಲ.

"ಇದಕ್ಯಾಕೆ ತಲೆ ಕೆಡಿಸ್ಕಂತೀಯಕ್ಕ? ಗುಟ್ಟಿನ ಓಟು. ಇದನ್ನ ಇಟ್ಕ, ಓಟು ಯಮುನಮ್ಮಂಗೆ ಹಾಕು. ಯಾರಿಗೆ ಗೊತ್ತಾಗ್ತೈತೆ?"

"ತವರು ಅಂತ ಸೆರಗೊಡ್ಡೀನಿ ಕಣೋ ಗಿರೀಶ. ಸೆರಗೊಡ್ಡಿ, ಆಮೇಲೆ ಹೋಗಿ ಅವರಿಗೇ ಎರಡು ಬಗೆಯಾಕೆ ಆಗ್ತೈತಾ?"

"ಹಂಗಾರೆ ರಂಗೇಶಣ್ಣಂಗೇ ಹಾಕು."

"ಹೆಂಗಸರಿಗೆ ಹೂಂ ಅಂದೀನಲ್ಲ."

"ವಾಪಸ್ ಕೊಟ್ಟು ಬಾ, ಅತ್ಲಾಗೆ."

"ಮಡ್ಲಕ್ಕಿ ವಾಪಸ್ ಕೊಡ್ತಾರೇನ್ಲಾ?" ಹುಲಿಗೆಮ್ಮ ಎಗರಿಬಿದ್ದಳು. "ನಿಮ್ಮವ್ವನ್ನ ಕೇಳೋಗು. ಪೊರಕೆ ತಗೊಂಡು ಹೇಳ್ತಾಳೆ."

ಗಿರೀಶ್ ನಗಲಿಲ್ಲ. ದನಿ ತಗ್ಗಿಸಿ ಹೇಳಿದ: "ಎಮ್ಮೆಲ್ಲೆ ಕಡೆಯೋರು ಅಕ್ಕ. ನಾಳೆ ನಮ್ಮ ಹಾಲಿಗೆ ಡಿಗ್ರಿ ಇಲ್ಲ, ನೀರು ಬೆರೆಸೀರಿ ಅಂತ ಕ್ಯಾನು ವಾಪಸ್ ಕಳಿಸ್ತಾರೆ. ವ್ಯಾನು ನಿಲ್ಲಿಸ್ತಾರೆ. ಅದನ್ನೂ ಒಂಚೂರು ನೋಡು."

ಅವನು ಹೋದ ಮೇಲೆ ನಾಗಕ್ಕ ಕಾಸನ್ನು ದೇವರ ಗೂಡಿನಲ್ಲಿಡಲು ಹೋದಳು. ಇಡಲು ಮನಸ್ಸಾಗದೆ ಉಪ್ಪಿನ ಗಡಿಗೆಯ ಪಕ್ಕದಲ್ಲಿಟ್ಟಳು. ಅಕ್ಕಿಯನ್ನು ಗಂಟು ಕಟ್ಟಿ ಮೇಲಿಟ್ಟು, ಎಸರಿಗೆ ರಾಗಿ ಹಿಟ್ಟು ಹಾಕಿದಳು.

ಸಂಜೆ ಗಂಡ ಜುಂಜಯ್ಯ ಕುರಿ ಹೊಡೆದುಕೊಂಡು ಬಂದ. ದಿನವೆಲ್ಲ ಕುರಿಗಳ ಹಿಂದೆ ಇದ್ದು ಮಾತು ಕಡಿಮೆ ಮಾಡಿಕೊಂಡ ಮನುಷ್ಯ. ಮುದ್ದೆ ಉಣ್ಣುತ್ತಾ ಎಲ್ಲವನ್ನೂ ಕೇಳಿಸಿಕೊಂಡ. ಹಾಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಕೈ ತೊಳೆದು ಬಂದು ಕಂಬಕ್ಕೆ ಒರಗಿದ. ರೊಪ್ಪದಲ್ಲಿ ಮರಿಗಳು ತಾಯಂದಿರನ್ನು ಹುಡುಕಿ ಅರಚಿ, ಮೊಲೆ ಸಿಕ್ಕಿ ಒಂದೊಂದಾಗಿ ಸುಮ್ಮನಾದವು. ಯಾವ ಮಾತಿನಿಂದಲೂ ಅವನು ಅವಳನ್ನು ಒಂದು ಕಡೆಗೆ ತಳ್ಳುತ್ತಿರಲಿಲ್ಲ. ಕೊನೆಗೆ ಅವಳೇ ಹೇಳಿದಳು:

"ಮೀನಾಕ್ಷಮ್ಮ ನಮ್ಮನೆಯಿಂದ ಬರೀ ಸೆರಗಲ್ಲಿ ಹೋದ್ಲು. ಊಟಕ್ಕೆ ಕರಿತೀನಿ."

ಜುಂಜಯ್ಯ ಅವಳ ಮುಖ ನೋಡಿದ. ಮರುದಿನ ಕುರಿ ಬಿಡುವ ಮೊದಲು ಅಟ್ಟದ ಮೇಲಿಂದ ಕರಿಯ ಕಂಬಳಿ ಇಳಿಸಿದ. ದೇವರ ಕಾರ್ಯಕ್ಕೆ, ನೆಂಟಸ್ತನದ ಮಾತಿಗೆ ಮಾತ್ರ ಹಾಸುವ ಕಂಬಳಿ. ಅದನ್ನು ಅಂಗಳದಲ್ಲಿ ಕೊಡವಿ ಪಡಸಾಲೆಯಲ್ಲಿ ಹಾಸಿದ. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಅಂದು ಮನೆಯಲ್ಲೇ ಉಳಿದ.

ಕರೆ ಮುಟ್ಟಿದ ಕೂಡಲೇ ರಂಗೇಶ್ ಹೆಂಡತಿಯೊಂದಿಗೆ ಬಂದ. ಊಟಕ್ಕೆ ಕರೆದರೆಂದರೆ ಓಟು ಗಟ್ಟಿಯಾಯಿತೆಂದು ಅವನ ಎಣಿಕೆ. ಚಪ್ಪಲಿ ಬಿಡುತ್ತಲೇ ಶುರುಮಾಡಿದ.

"ಏನ್ ನಾಗಕ್ಕ, ಬ್ಯಾಗು ರೆಡಿನಾ? ನಾಳೆ ಬೆಳಿಗ್ಗೆ ಬಸ್ಸು. ಓಟಿನ ದಿನದವರೆಗೂ ಎಲ್ರೂ ಸಮುದ್ರದ ಕಡೆ ರೆಸಾರ್ಟಲ್ಲಿ ಒಟ್ಟಿಗೆ ಇರಾಣ. ಸಮುದ್ರ ನೋಡಿಯೇನು ನೀನು?"

"ಇಲ್ಲ ಸಾವ್ಕಾರ್ರೆ. ಮಾರಿಕಣಿವೆ ನೋಡೀನಿ."

"ಅದೇನು ಸಮುದ್ರವೇನಮ್ಮ, ಡ್ಯಾಮು!"

"ಕೋಡಿ ಬಿದ್ದಾಗ ನೋಡ್ರಿ. ಕುರಿ ಕಾಯೋರಿಗೆ ಅಷ್ಟು ನೀರು ಸಾಕು."

ರಂಗೇಶ್ ನಕ್ಕ. ಉಣ್ಣುವಾಗಲೂ ಅವನ ಫೋನು ಬಾಯಿ ಮುಚ್ಚಲಿಲ್ಲ. "ಹನುಮಂತರಾಜು ನಾಲ್ಕು ಜನಾನ ಹೊಳಲ್ಕೆರೆ ಕಡೆ ಎತ್ತಾಕ್ಕೊಂಡು ಹೋಗವ್ನಂತೆ... ಯಾರು ಕಾಯ್ತಿದ್ರಲೇ ಅವರನ್ನ?" ಎಂದು ಕೂಗುತ್ತಾ ಅರ್ಧ ಊಟಕ್ಕೇ ಎದ್ದು ಅಂಗಳಕ್ಕೆ ಹೋದ. ಅವನು ಉಂಡ ಅನ್ನ ಅವನ ಮನೆಯ ಅಕ್ಕಿಯದೇ ಆಗಿತ್ತು. ನಾಗಕ್ಕ ಆ ಗಂಟನ್ನು ಬಿಚ್ಚಿ ಎಲ್ಲವನ್ನೂ ಅಡಿಗೆಗೆ ಹಾಕಿದ್ದಳು.

ಮೀನಾಕ್ಷಿ ನಿಧಾನವಾಗಿ ಉಂಡಳು. ಹುಲಿಗೆಮ್ಮ ಎಲೆ ತೆಗೆದಳು. ಮೀನಾಕ್ಷಿ ಹೊರಡಲು ಎದ್ದಾಗ ನಾಗಕ್ಕ ಮೊರ ಹಿಡಿದು ಒಳಗಿನಿಂದ ಬಂದಳು.

"ಕಂಬಳಿ ಮ್ಯಾಲೆ ಕುಂತ್ಕಳ್ರಿ. ಸೆರಗೊಡ್ರಿ."

"ಅಯ್ಯೋ, ನನಗ್ಯಾಕೆ ನಾಗಕ್ಕ?"

"ತವರು ಅಂದ ಮ್ಯಾಲೆ ಎರಡು ಕಡೀಗೂ ತವರೇ ಅಲ್ವಾ? ಬರಿ ಸೆರಗಲ್ಲಿ ಕಳಿಸಬಾರದು."

ಮೀನಾಕ್ಷಿ ಬಾಗಿಲ ಕಡೆ ನೋಡಿದಳು. ಗಂಡನ ಬೆನ್ನು ಕಾಣಿಸುತ್ತಿತ್ತು. ಮತ್ತೆ ಮೊರದ ಕಡೆ ನೋಡಿ, ಕಂಬಳಿಯ ಮೇಲೆ ಕೂತು ಸೆರಗು ಹಿಡಿದಳು.

ಮೊರದಲ್ಲಿದ್ದದ್ದು ಸೊಸೈಟಿಯ ರೇಷನ್ ಅಕ್ಕಿ. "ಸಾವ್ಕಾರ್ತಿ ಮಡ್ಲಿಗೆ ದಪ್ಪಕ್ಕಿ ಹಾಕ್ತೀಯೇನಕ್ಕ?" ಎಂದು ಹುಲಿಗೆಮ್ಮ ಬೆಳಿಗ್ಗೆಯೇ ತಕರಾರು ಮಾಡಿದ್ದಳು. ನಮ್ಮನೇಲಿರೋದು ಅದೇ ಎಂದಿದ್ದಳು ನಾಗಕ್ಕ. ಈಗ ಅವಳು ಬೊಗಸೆ ತುಂಬಿ ತುಂಬಿ ಹಾಕಿದಳು. ಹಿತ್ತಲ ತೆಂಗಿನ ಕೊಬ್ಬರಿ, ಒಂದು ಅಚ್ಚು ಬೆಲ್ಲ, ತನಗೇ ಎಂದು ತೆಗೆದಿಟ್ಟಿದ್ದ ರವಿಕೆ ಕಣ. ಕೊನೆಗೆ ಕೈ ತೆರೆದು, ಕಾಣುವಂತೆಯೇ, ಕಾಸನ್ನು ಅಕ್ಕಿಯ ಮೇಲಿಟ್ಟಳು.

ಮೀನಾಕ್ಷಿ ತಲೆ ಎತ್ತಲಿಲ್ಲ.

"ಯಮುನಮ್ಮಂಗೆ ಹೂಂ ಅಂದೀನಿ ಕಣಮ್ಮ," ಎಂದಳು ನಾಗಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಮಡ್ಲು ತುಂಬಿದಾಗ ನಾನು ಅತ್ತಿದ್ದು ಸುಳ್ಳಲ್ಲ. ಅದು ಹಂಗೇ ಇರಲಿ ಅಂತ."

ಅಂಗಳದಲ್ಲಿ ರಂಗೇಶ್ ಯಾರನ್ನೋ ಬೈಯುತ್ತಿದ್ದ. ಆಮೇಲೆ ನಾಗಕ್ಕ ಖಾಲಿ ಮೊರವನ್ನು ಆಕೆಯ ಮುಂದಿಟ್ಟಳು.

"ಒಂದು ಹಿಡಿ ಹಿಂದಕ್ಕೆ ಹಾಕ್ರಿ."

ಮೀನಾಕ್ಷಿಯ ಕೈ ಮಡಿಲಿಗಿಳಿಯಿತು. ಕಾಸು ಅಕ್ಕಿಯೊಳಗೆ ಜಾರಿ ಕಾಣದಾಯಿತು. ಬೆರಳುಗಳು ಒಳಗೆ ಸರಿದಾಡಿದವು, ನಿಂತವು, ಮತ್ತೆ ಸರಿದವು. ಎಷ್ಟು ಮನೆಗಳ ಅಕ್ಕಿಯಲ್ಲಿ ಅಂಥದನ್ನು ಹುದುಗಿಸಿದ್ದವೋ, ಆ ಬೆರಳುಗಳಿಗೆ ಅದರ ಅಂಚು ಹೊಸದಾಗಿರಲಿಲ್ಲ. "ಮೀನಾ, ಹೊತ್ತಾಯ್ತು, ಹೋಗಾಣ ಬಾ!" ಎಂದು ಹೊರಗಿನಿಂದ ಕೂಗು ಬಂತು. ಆಕೆ ಮುಷ್ಟಿಯನ್ನು ಮೇಲೆತ್ತಿ, ಮೊರದ ಮೇಲೆ ಹಿಡಿದು, ಬಿಚ್ಚಿದಳು.

ಬಿದ್ದದ್ದು ಅಕ್ಕಿ ಮಾತ್ರ.

ಆಕೆ ಸೆರಗನ್ನು ಗಂಟು ಹಾಕಿ ಎದ್ದಳು. ನಾಗಕ್ಕನ ಮೊಣಕೈಯನ್ನು ಒಮ್ಮೆ ಹಿಡಿದು ಬಿಟ್ಟು ಅಂಗಳಕ್ಕಿಳಿದಳು.

"ಏನದು ಗಂಟು? ಡಿಕ್ಕೀಲಿ ಹಾಕು," ಎಂದ ರಂಗೇಶ್.

"ಮಡ್ಲಕ್ಕಿ. ಡಿಕ್ಕೀಲಿ ಹಾಕಬಾರದು."

ಅವನು ನಾಗಕ್ಕನ ಕಡೆ ತಿರುಗಿದ. "ಸರಿ, ನಾಳೆ ಬೆಳಿಗ್ಗೆ ಕಾರು ಕಳಿಸ್ತೀನಿ."

"ಬ್ಯಾಡ್ರಿ. ಓಟಿನ ದಿನ ನಾನೇ ಸರ್ಕಾರಿ ಬಸ್ಸಲ್ಲಿ ಬರ್ತೀನಿ."

ರಂಗೇಶನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಹೆಂಡತಿಯ ಮಡಿಲನ್ನು ನೋಡಿದ. ಮುಖ ಬಿಗಿಯಿತು. "ವ್ಯಾನು ಬರೋದು ಬ್ಯಾಡ್ವೇನು ನಿಮ್ಮ ಹಟ್ಟಿಗೆ?"

"ಬರಲಿ ಅಂತಾನೇ ಆಸೆ. ಬರದಿದ್ರೆ ಕ್ಯಾನು ಹೊತ್ಕೊಂಡು ಹೋಗ್ತೀವಿ ಸಾವ್ಕಾರ್ರೆ. ನಮ್ಮ ತಲೆಗಳು ಇನ್ನೂ ಮರೆತಿಲ್ಲ."

"ಕಾರು ಹತ್ರಿ," ಎಂದಳು ಮೀನಾಕ್ಷಿ ಗಂಡನಿಗೆ. ಅಷ್ಟೇ ಹೇಳಿ ತಾನು ಮೊದಲು ಹತ್ತಿ ಕೂತಳು.

ಕಾರು ಧೂಳೆಬ್ಬಿಸಿಕೊಂಡು ಗುಡ್ಡದ ದಾರಿ ಹಿಡಿಯಿತು. ತಿರುವಿನಲ್ಲಿ ಒಮ್ಮೆ ಕಿಟಕಿ ಕಾಣಿಸಿತು. ಮೀನಾಕ್ಷಿ ಕೈ ಬೀಸಲಿಲ್ಲ. ಎರಡೂ ಕೈಗಳು ಮಡಿಲಿನ ಮೇಲಿದ್ದವು.

ನಾಗಕ್ಕ ಒಳಗೆ ಬಂದಾಗ ಜುಂಜಯ್ಯ ಕಂಬಳಿ ಎತ್ತಲು ಬಗ್ಗಿದ್ದ. ಅದರ ಕರಿಯ ಉಣ್ಣೆಯಲ್ಲಿ ಅಲ್ಲಲ್ಲಿ ದಪ್ಪಕ್ಕಿಯ ಕಾಳುಗಳು ಸಿಕ್ಕಿಕೊಂಡಿದ್ದವು. ಅವನು ಕಂಬಳಿಯನ್ನು ಕೊಡವಲಿಲ್ಲ. ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು, ಮಂಡಿಯೂರಿ ಕೂತು, ಕಾಳುಗಳನ್ನು ಒಂದೊಂದಾಗಿ ಆಯ್ದು ಆ ಹಿಡಿಯ ಜೊತೆ ಹಾಕತೊಡಗಿದ.